ಸಹಾಯ ಬೇಕು: ಲಿನಕ್ಸ್‌ಗೆ ಸರಳ ನೆಟ್‌ವರ್ಕ್ ಸೆಟ್ಟಿಂಗ್ಸ್ ಪರದೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಶಾಲೆಯ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಟ್ಟಿದ್ದೇನೆ. ಎಲ್ಲ ಚೆನ್ನಾಗಿದೆ, ನೆಟ್ ಹೋದಾಗ ಮಾತ್ರ ಫೋನ್ ನನಗೇ ಬರುತ್ತದೆ. ಸೆಟ್ಟಿಂಗ್ಸ್ ತೆರೆದರೆ ಐಪಿವಿ4, ಐಪಿವಿ6, ಗೇಟ್‌ವೇ, ಡಿಎನ್‌ಎಸ್ ಅಂತ ಸಾಲು ಸಾಲು. ಒಮ್ಮೆ ಯಾರೋ ‘ಆಟೊಮ್ಯಾಟಿಕ್’ (ಕಂಪ್ಯೂಟರ್‌ನ ವಿಳಾಸ ರೂಟರೇ ಕೊಡುವುದು) ಇದ್ದದ್ದನ್ನು ‘ಮ್ಯಾನ್ಯುಯಲ್’ ಮಾಡಿ, ಎರಡು ದಿನ ಕಂಪ್ಯೂಟರ್ ಕ್ಲಾಸೇ ನಡೆಯಲಿಲ್ಲ.

ಅದಕ್ಕೇ ಪೈಥಾನ್ ಮತ್ತು ಜಿಟಿಕೆಯಲ್ಲಿ (ಕಿಟಕಿ, ಬಟನ್ ಮಾಡುವ ಟೂಲ್‌ಕಿಟ್) ಒಂದು ಚಿಕ್ಕ ಕನ್ನಡ ಪರದೆ ಮಾಡುತ್ತಿದ್ದೇನೆ. ಪರದೆಯ ಹಿಂದೆ ಕೆಲಸ ಮಾಡುವುದು ಲಿನಕ್ಸ್‌ನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರೇ. ತೆರೆದ ಕೂಡಲೇ ಮೂರೇ ವಿಷಯ ಕಾಣಬೇಕು: ಕೇಬಲ್ ಅಥವಾ ವೈಫೈ ಸಿಕ್ಕಿದೆಯಾ, ರೂಟರ್ ಐಪಿ ವಿಳಾಸ ಕೊಟ್ಟಿದೆಯಾ, ಹೊರಗಿನ ಇಂಟರ್ನೆಟ್ ಬರುತ್ತಿದೆಯಾ. ಉಳಿದದ್ದೆಲ್ಲ ‘ಇನ್ನಷ್ಟು’ ಬಟನ್ ಒಳಗೆ.

ಸಿಕ್ಕಿಹಾಕಿಕೊಂಡಿರುವುದು ಮಾತುಗಳಲ್ಲಿ. ರೂಟರ್ ತನಕ ಸರಿ ಇದ್ದು ಆಚೆ ಇಂಟರ್ನೆಟ್ ಇಲ್ಲದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ‘ಲಿಮಿಟೆಡ್’ ಅನ್ನುತ್ತದೆ. ನಾನು ‘ಸೀಮಿತ’ ಅಂತ ಹಾಕಿದೆ. ಟೀಚರ್ ಒಬ್ಬರು ಡೇಟಾ ಮುಗಿದಿದೆ ಅಂದುಕೊಂಡು ರೀಚಾರ್ಜ್ ಮಾಡಿಸಲು ಹೊರಟರು! ‘ರೂಟರ್ ಸರಿ ಇದೆ, ಲೈನ್ ಇಲ್ಲ’ ಅಂದರೆ ಸಾಕಾ? ಇನ್ನೊಂದು, ರೂಟರ್ ವಿಳಾಸ ಕೊಡದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಸುಮ್ನೆ 45 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಜನ ಹತ್ತು ಸಲ ಒತ್ತಿರುತ್ತಾರೆ. ಆ ಹೊತ್ತು ಏನು ತೋರಿಸಲಿ?

‘ಮೊದಲಿನಂತೆ ಮಾಡು’ ಅನ್ನುವ ಬಟನ್ ಕೂಡ ಇಡಬೇಕೆಂದಿದ್ದೇನೆ, ಒತ್ತಿದರೆ ಮತ್ತೆ ಆಟೊಮ್ಯಾಟಿಕ್. ಆದರೆ ಪ್ರಿಂಟರ್ ಹಂಚುವ ಕಂಪ್ಯೂಟರ್‌ಗೆ ನಾನೇ ಖಾಯಂ ಐಪಿ ಕೊಟ್ಟಿದ್ದೇನೆ, ಅಲ್ಲಿ ಒತ್ತಿದರೆ ಆ ಐಪಿ ಹೋಗಿ ಕಷ್ಟ ಅಲ್ವಾ? ಇಂಥದ್ದು ಮಾಡಿದವರಿದ್ದರೆ ದಯವಿಟ್ಟು ಹೇಳಿ. ಸ್ಕ್ರೀನ್‌ಶಾಟ್ ಕಾಮೆಂಟ್‌ನಲ್ಲಿ ಹಾಕುತ್ತೇನೆ.