ನ್ಯಾಟ್ ಟರ್ನರ್ ನಾಟಕದಲ್ಲಿ ಹಸಿರು ಸೂರ್ಯ ಬೇಕೇ?

ನೇಪಥ್ಯ_ಧಾರವಾಡ: ರಾಂಡಾಲ್ಫ್ ಎಡ್ಮಂಡ್ಸ್ ಬಾಲ್ಟಿಮೋರಿನ ಮಾರ್ಗನ್ ಕಾಲೇಜಿನ ಮೇಷ್ಟ್ರಾಗಿದ್ದಾಗ ಅಮೆರಿಕದ ಕಪ್ಪು ಜನರ ರಂಗಭೂಮಿಗೆಂದು ಬರೆದ ಆರು ನಾಟಕಗಳು 1934ರಲ್ಲಿ ಅಚ್ಚಾದವು. ಅದರಲ್ಲೊಂದು 'ನ್ಯಾಟ್ ಟರ್ನರ್'. 1831ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಸೌತಾಂಪ್ಟನ್ ಕೌಂಟಿಯಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ಮುಂದಾಳತ್ವದಲ್ಲಿ ಎದ್ದ ಗುಲಾಮರ ದಂಗೆಯ ಕಥೆ. ಕಪ್ಪು ಜನರ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡ ಈ ಕಥೆ ಆಡುವಾಗ ಎರಡು ಮಾತು ನೆನಪಿಡಬೇಕು. ಒಂದು, ದಂಗೆಯವರು ಮೊದಲು ನುಗ್ಗಿದ ಮನೆಯಲ್ಲಿ, ಅಂದರೆ ಟರ್ನರನಿದ್ದ ಟ್ರಾವಿಸ್ ಮನೆಯಲ್ಲಿ, ಗುಂಡಿನ ಸದ್ದು ಬೇಡ. ಅಲ್ಲಿ ನಡೆದದ್ದೆಲ್ಲ ಕೊಡಲಿ, ಕೈಗೊಡಲಿಯಲ್ಲಿ. ಬಂದೂಕು ಸಿಕ್ಕಿದ್ದು ಆಮೇಲೆ, ಆ ಮನೆಯಿಂದಲೇ. ಕೆಲಸ ಮಾಡುವಂಥವು ನಾಲ್ಕು, ಜೊತೆಗೆ ಒಂದಷ್ಟು ಹಳೇ ಮಸ್ಕೆಟ್ ಕೋವಿ. ಸದ್ದಿಗೆ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಹಸಿ ಮರದ ದಿಮ್ಮಿಗೆ ಕೊಡಲಿಯ ಒಂದೇ ಏಟು ಸಾಕು. ಎರಡು, ಆಗಸ್ಟ್ 13ರಂದು ಕಂಡ ನೀಲಿ-ಹಸಿರು ಸೂರ್ಯನನ್ನು ರಂಗದ ಮೇಲೆ ತೋರಿಸಲೇಬೇಕು. ಟರ್ನರನ ಪಾಲಿಗೆ ದಂಗೆಗೆ ಸನ್ನೆ ಅದೇ.

ಡಿಮ್ಮರ್_ಬೋರ್ಡ್: "ತೋರಿಸಲೇಬೇಕು"? ಕಪ್ಪು ಚರ್ಮದ ಮೇಲೆ ಹಸಿರು ಜೆಲ್ (ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ) ಬೆಳಕು ಬಿದ್ದರೆ ಮುಖ ಬೂದಿ ಮೆತ್ತಿದ ಹಾಗೆ ಕಾಣುತ್ತೆ ಸ್ವಾಮಿ. ಆ ಚರ್ಮ ವಾಪಸ್ ಕೊಡೋದು ಹೆಚ್ಚಾಗಿ ಕೆಂಪು, ಹಳದಿ ಕಡೆಯ ಬೆಳಕು. ನೀವು ಹಸಿರನ್ನಷ್ಟೇ ಕಳಿಸಿದರೆ ವಾಪಸ್ ಬರೋಕೆ ಏನಿದೆ? ಬರೀ ಕೆಂಪು, ಹಸಿರು, ನೀಲಿ ಮೂರೇ ಬಣ್ಣದ ಆರ್‌ಜಿಬಿ ಎಲ್‌ಇಡಿ ಆದರಂತೂ ಇನ್ನೂ ಕೆಟ್ಟದು.

ಇತಿಹಾಸದ_ಹುಚ್ಚ: "ದಂಗೆಗೆ ಸನ್ನೆ ಅದೇ" ಅನ್ನೋದಕ್ಕೆ ಆಧಾರ? ಟರ್ನರ್ ಜೈಲಿನಲ್ಲಿ ಹೇಳಿ, ಥಾಮಸ್ ಗ್ರೇ ಬರೆದುಕೊಂಡ ತಪ್ಪೊಪ್ಪಿಗೆಯಲ್ಲಿ ಫೆಬ್ರವರಿಯ ಸೂರ್ಯಗ್ರಹಣ ಇದೆ. ಆಗಸ್ಟ್‌ನದ್ದು "ಸನ್ನೆ ಮತ್ತೆ ಕಂಡಿತು" ಅಂತ ಮಾತ್ರ. ಹಸಿರು ಅನ್ನೋ ಪದವೇ ಅಲ್ಲಿಲ್ಲ.

ನೇಪಥ್ಯ_ಧಾರವಾಡ: ಗ್ರೇ ಟರ್ನರನ ವಕೀಲ, ಅವನು ಕೇಳಿಸಿಕೊಂಡಷ್ಟೇ ಬರೆದ. ಹಸಿರು ಸೂರ್ಯ ಆ ಕಾಲದ ಪತ್ರಿಕೆಗಳಲ್ಲಿದೆ.

ಇತಿಹಾಸದ_ಹುಚ್ಚ: ವಕೀಲ ಅಲ್ಲ! ಕೋರ್ಟು ಟರ್ನರನಿಗೆ ಕೊಟ್ಟ ವಕೀಲ ವಿಲಿಯಂ ಪಾರ್ಕರ್. ಗ್ರೇ ವಾದಿಸಿದ್ದು ಬೇರೆ ಗುಲಾಮರ ಪರವಾಗಿ. ಟರ್ನರನನ್ನು ನವೆಂಬರ್ 11ಕ್ಕೆ ನೇಣಿಗೆ ಹಾಕಿದರು, ಗ್ರೇ ಹಿಂದಿನ ದಿನವೇ ಆ ತಪ್ಪೊಪ್ಪಿಗೆಯ ಪುಸ್ತಕದ ಹಕ್ಕು ನೋಂದಾಯಿಸಿಕೊಂಡ. ಇಂಥವನ ಮಾತು ನಂಬಿ ರಂಗಸಜ್ಜಿಕೆ ಮಾಡ್ತೀರಾ?

ಸೈಕ್_ರಾಜ: ಗ್ರೇ ಹಾಳಾಗಲಿ, ಬೆಳಕಿನ ವಿಷಯಕ್ಕೆ ಬನ್ನಿ. ಹಸಿರು ಮುಖದ ಮೇಲೆ ಯಾಕೆ ಬೀಳಬೇಕು? ಲೀ ಕಂಪನಿಯ 116, ಆ ನೀಲಿ-ಹಸಿರು ಜೆಲ್, ಸೈಕ್‌ಗೆ (ಹಿಂದಿನ ದೊಡ್ಡ ಪರದೆಗೆ) ಮಾತ್ರ ಹಾಕಿ. ನಟರು ಸೈಕ್‌ನಿಂದ ಆರೇಳು ಅಡಿ ಮುಂದೆ ಇರಲಿ. ಎರಡೂ ವಿಂಗಿನಿಂದ ತಲೆಯ ಎತ್ತರಕ್ಕೆ ಸೈಡ್ ಲೈಟ್, ತಿಳಿ ಅಂಬರ್ ಬಣ್ಣದ ಲೀ 162. ಹಿಂದಿನಿಂದ ತಿಳಿ ಲ್ಯಾವೆಂಡರ್, 052. ಮುಂದಿನ ಲೈಟು ಕಡಿಮೆ. ಕೆನ್ನೆ, ಹಣೆಯ ಹೊಳಪೇ ಮುಖ ಕೆತ್ತಿಕೊಡುತ್ತೆ. ಪೌಡರ್ ಹಚ್ಚಿ ಆ ಹೊಳಪನ್ನೇ ಸಾಯಿಸಬೇಡಿ.

ಡಿಮ್ಮರ್_ಬೋರ್ಡ್: "ಮುಂದಿನ ಲೈಟು ಕಡಿಮೆ" ಅಂತ ಬರೆಯೋದು ಸುಲಭ. ಮುಖ ಕಾಣಲ್ಲ ಅಂತ ನಿರ್ದೇಶಕರು ಕೂಗಿದ ತಕ್ಷಣ ಮುಂದಿನ ಲೈಟಿನ ಫೇಡರ್ (ಬೆಳಕು ಏರಿಸಿ ಇಳಿಸುವ ಹಿಡಿ) ಮೇಲೆ ಹೋಗುತ್ತೆ, ಆ ಬೆಳಕು ಸೈಕ್‌ಗೂ ಚೆಲ್ಲುತ್ತೆ, ನಿಮ್ಮ ಹಸಿರು ತೊಳೆದು ಹೋಗುತ್ತೆ. ಜೊತೆಗೆ ಆಸ್ನಬರ್ಗ್ ಅಂಗಿ ಬೇರೆ. ಗುಲಾಮರಿಗೆ ಕೊಡುತ್ತಿದ್ದ ಆ ಒರಟು ಬಟ್ಟೆಯ ಬದಲು ಅಂಗಡಿಯ ಬಿಳಿ ಕಾಟನ್ ತಂದರೆ ಅಂಗಿ ಉರಿಯುತ್ತೆ, ಮುಖ ಕತ್ತಲು.

ಸೈಕ್_ರಾಜ: ಅಂಗಿಗೆ ಚಹಾ ಇದೆಯಲ್ಲ ಮಾರಾಯ್ರೇ. ಗಟ್ಟಿ ಡಿಕಾಕ್ಷನ್‌ನಲ್ಲಿ ನೆನೆಸಿ ಒಣಗಿಸಿ, ಬಿಳಿ ಇಳಿಯುತ್ತೆ. ಇದೂ ಗೊತ್ತಿಲ್ಲದೆ ಬೋರ್ಡ್ ಮುಂದೆ ಕೂತಿದ್ದೀರಾ?

ಡಿಮ್ಮರ್_ಬೋರ್ಡ್: ಗೊತ್ತಿರೋದಕ್ಕೇ ಹೇಳ್ತಿದ್ದೀನಿ. ನಿಮಗೆ ಚಹಾ ಮಾತ್ರ ಕಂಡಿತು, ಫೇಡರ್ ವಿಷಯಕ್ಕೆ ಉತ್ತರ ಎಲ್ಲಿ?

ಮೋಡದ_ಮಲ್ಲಿ: ಅಂದ ಹಾಗೆ ಹಸಿರು ಸೂರ್ಯನಿಗೆ ಕಾರಣ ಜ್ವಾಲಾಮುಖಿಯ ಬೂದಿ, ಗಂಧಕದ ಹೊಗೆ ಇರಬಹುದು ಅಂತಾರೆ. ಆ ವರ್ಷದ ದೊಡ್ಡ ಸ್ಫೋಟ ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳ ಜವರಿಟ್ಸ್ಕಿ ಜ್ವಾಲಾಮುಖಿಯದು ಅಂತ ಈಚೆಗೆ ಗುರುತಿಸಿದ್ದಾರೆ. ಹಾಗಾಗಿ ಸೂರ್ಯನ ಅಂಚು ಚೂಪಾಗಿರಬಾರದು. ಚೂಪಾದ ಅಂಚು ಕೊಡುವ ಪ್ರೊಫೈಲ್ ಲೈಟಿನ ಫೋಕಸ್ ಸ್ವಲ್ಪ ಸಡಿಲ ಬಿಡಿ.

ಇತಿಹಾಸದ_ಹುಚ್ಚ: "ಇರಬಹುದು" ಅಂತೆ! ಇರಬಹುದು ಅನ್ನೋದನ್ನ ಸೈಕ್ ಮೇಲೆ ಹಾಕಿ, ಇರುವುದನ್ನ ಬಿಡಿ. ಟರ್ನರನೇ ಹೆಸರಿಟ್ಟು ಹೇಳಿದ್ದು ಫೆಬ್ರವರಿ 12ರ ಕಂಕಣ ಗ್ರಹಣ. ಅದಕ್ಕೆ ಜೆಲ್ಲೂ ಬೇಡ. ತಗಡಿನಲ್ಲಿ ಒಂದು ದುಂಡನೆಯ ತೂತು, ಅದರ ಮುಂದೆ ತುಸು ಚಿಕ್ಕ ತಗಡಿನ ವೃತ್ತ, ಹಿಂದಿನಿಂದ ಬೆಳಕು.

ನೇಪಥ್ಯ_ಧಾರವಾಡ: ಈಗ ನಿಮಗೇ ಗ್ರೇ ಸಾಕ್ಷಿಯಾದನೋ? ಮೊದಲು "ಇಂಥವನ ಮಾತು" ಅಂದವರು ಯಾರು?

ಇತಿಹಾಸದ_ಹುಚ್ಚ: ಗ್ರಹಣ ಖಗೋಳದ ಲೆಕ್ಕ, ಗ್ರೇ ಬೇಕಾಗಿಲ್ಲ. ನೀವು ವಕೀಲ ಅಂದದ್ದು ತಪ್ಪು, ಅದನ್ನ ಒಪ್ಪಿ.

ನೇಪಥ್ಯ_ಧಾರವಾಡ: ಗ್ರಹಣ ಆಯಿತು ಅನ್ನೋದು ಖಗೋಳ. ಟರ್ನರ್ ಅದನ್ನ ಸನ್ನೆ ಅಂದ ಅನ್ನೋದು ಗ್ರೇ ಬರೆದದ್ದು. ಗ್ರೇ ಒಬ್ಬ ವಕೀಲ ಅಂತೂ ಹೌದಲ್ಲ.

ರಂಗ_ಕಿಟ್ಟಿ: ಸೂರ್ಯನ ಗಲಾಟೆಯಲ್ಲಿ ನಟರ ಲೆಕ್ಕವನ್ನೇ ಮರೆತಿರಿ. ದಂಗೆಗೆ ಮುಂಚೆ ಕಾಡಿನಲ್ಲಿ ಸೇರಿದ ಸಭೆಗೆ ಟರ್ನರ್ ಸೇರಿ ಏಳು ಜನ: ಹಾರ್ಕ್, ಹೆನ್ರಿ, ಸ್ಯಾಮ್, ನೆಲ್ಸನ್, ವಿಲ್, ಜ್ಯಾಕ್. ಹಾರ್ಕ್ ಹಂದಿ ತಂದ, ಹೆನ್ರಿ ಬ್ರಾಂದಿ. ಟರ್ನರ್ ಬಂದದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಅದು ಹಗಲಿನ ದೃಶ್ಯ, ಕತ್ತಲಲ್ಲಿ ಆಡಿಸಬೇಡಿ.

ಡಿಮ್ಮರ್_ಬೋರ್ಡ್: ಹಗಲಾದರೆ ಇನ್ನೂ ಒಳ್ಳೇದು, 162 ಒಂದೇ ಸಾಕು. ಹಸಿರಿಗೆ ಜಾಗವೇ ಇಲ್ಲ.

ಸೈಕ್_ರಾಜ: ಸಭೆ ಆಗಸ್ಟ್ 21, ಸೂರ್ಯ 13. ಬೇರೆ ಬೇರೆ ದೃಶ್ಯ. ತಾರೀಖು ನೋಡಿ ಮಾತಾಡಿ.

ಡಿಮ್ಮರ್_ಬೋರ್ಡ್: ತಾರೀಖು ಬಿಡಿ, ಫೇಡರ್‌ಗೆ ಇನ್ನೂ ಉತ್ತರ ಬಂದಿಲ್ಲ.