ಎಷ್ಟು ಬಗ್ಗಿದರೆ ಓಟಕ್ಕೆ ಸಾಕು? ನಮ್ಮ ಓಟದ ಬಳಗದ ಈ ವಾರದ ಪ್ರಶ್ನೋತ್ತರ

ಬಳಗದವರಿಗೆ ನಮಸ್ಕಾರ. ಕಳೆದ ಭಾನುವಾರ ಓಟ ಮುಗಿಸಿ ಚಹಾ ಕುಡಿಯುವಾಗ, ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟುವವರು ಯಾರು ಎಂಬ ಪಂದ್ಯ ನಡೆಯಿತು. ಅದರ ಫಲವಾಗಿ ಸೋಮವಾರ ಇಬ್ಬರು ತೊಡೆಯ ಹಿಂಭಾಗ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಆದ್ದರಿಂದ ಈ ವಾರ ಯೋಗ ಮತ್ತು ಓಟದ ಪ್ರಶ್ನೆಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ. ನಾನು ಫಿಸಿಯೋಥೆರಪಿ ಓದಿದ್ದೇನೆ, ಯೋಗವನ್ನೂ ಕಲಿಸುತ್ತೇನೆ. ಹಾಗಾಗಿ ಎರಡೂ ಕಡೆಯವರಿಂದ ಬೈಸಿಕೊಂಡು ಅಭ್ಯಾಸವಿದೆ.

ಪ್ರಶ್ನೆ (ಕಾರವಾರ, ಬ್ಯಾಂಕ್ ಉದ್ಯೋಗಿ, 41 ವರ್ಷ): ವಾರಕ್ಕೆ ಮೂರು ದಿನ ಟಾಗೋರ್ ಕಡಲತೀರದಲ್ಲಿ 8 ಕಿಲೋಮೀಟರ್ ಓಡುತ್ತೇನೆ. ಅರ್ಧ ಮ್ಯಾರಥಾನ್ ಓಡುವ ಆಸೆಯಿದೆ. ಬಗ್ಗಿದರೆ ಕೈ ಮೊಣಕಾಲಿನಿಂದ ಒಂದು ಗೇಣು ಕೆಳಗೆ ನಿಂತುಬಿಡುತ್ತದೆ. ಓಟಕ್ಕೆ ಮೊದಲು ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ, ನಿಂತು ಬಾಗುವ ಪಾದಹಸ್ತಾಸನ ಎರಡೆರಡು ನಿಮಿಷ ಹಿಡಿಯುತ್ತೇನೆ. ಆದರೂ ಮೊದಲ ಎರಡು ಕಿಲೋಮೀಟರ್ ಕಾಲು ಭಾರ. ಮೈ ಇನ್ನಷ್ಟು ಬಗ್ಗಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಹೆಚ್ಚುವುದಿಲ್ಲ. ಕಾಲು ಭಾರವಾಗುವುದಕ್ಕೆ ನೀವು ಓಟದ ಮೊದಲು ಹಿಡಿಯುವ ಆ ಎರಡು ನಿಮಿಷವೇ ಕಾರಣವಾಗಿರಬಹುದು.

ಓಡುವಾಗ ಮೀನಖಂಡವೂ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವೂ ಚಾಟರಬಿಲ್ಲಿನ ರಬ್ಬರಿನ ಕೆಲಸ ಮಾಡುತ್ತವೆ. ಪಾದ ನೆಲಕ್ಕೆ ಬಿದ್ದಾಗ ಎಳೆದುಕೊಂಡು ಶಕ್ತಿಯನ್ನು ಕೂಡಿಡುತ್ತವೆ, ನೆಲ ಬಿಡುವಾಗ ಅದನ್ನು ವಾಪಸು ಕೊಡುತ್ತವೆ. ಸಡಿಲ ರಬ್ಬರಿನಿಂದ ಕಲ್ಲು ದೂರ ಹೋಗುವುದಿಲ್ಲ. ಒಳ್ಳೆಯ ಓಟಗಾರರಲ್ಲಿ ಅನೇಕರ ಕಾಲು ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಅದನ್ನು ದೋಷವೆಂದು ತಿಳಿಯಬೇಡಿ. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಕಾಲ ಎಳೆದು ಹಿಡಿದರೆ, ಅದರ ಬಲ ಕೆಲವು ಹೊತ್ತು ತುಸು ಕುಗ್ಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನೀವು ಸರಿಯಾಗಿ ಆ ಹೊತ್ತಿನಲ್ಲೇ ಓಡಲು ಹೊರಡುತ್ತೀರಿ.

ಇನ್ನು ಕಾಲ್ಬೆರಳು ಮುಟ್ಟುವ ವಿಷಯ. ಓಟದ ಯಾವ ಹೆಜ್ಜೆಯಲ್ಲಿಯೂ ಆ ಭಂಗಿ ಬರುವುದಿಲ್ಲ. ಓಟಕ್ಕೆ ಬೇಕಾದ ಬಾಗು ಬೇರೆ ಕಡೆ ಇದೆ. ಹಿಂದಿನ ಕಾಲು ದೇಹವನ್ನು ತಳ್ಳುವಾಗ ತೊಡೆ ಸೊಂಟದ ರೇಖೆಗಿಂತ ಸುಮಾರು 10ರಿಂದ 20 ಡಿಗ್ರಿ ಹಿಂದಕ್ಕೆ ಹೋಗಬೇಕು. ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ ತೊಡೆಸಂದಿನ ಮುಂಭಾಗ ಗಟ್ಟಿಯಾಗಿ ಇದು ಸಿಗುವುದಿಲ್ಲ, ಆಗ ನಡು ಕೊಂಕಿಸಿ ಅದನ್ನು ಸರಿದೂಗಿಸುತ್ತಾರೆ. ಹಾಗೆಯೇ ಪಾದದ ಮೇಲೆ ಮೊಣಕಾಲು ಮುಂದಕ್ಕೆ ಸಾಗುವಷ್ಟು ಹರಡು, ಅಂದರೆ ಪಾದವೂ ಕಾಲೂ ಸೇರುವ ಕೀಲು, ಬಾಗಬೇಕು. ಹೆಬ್ಬೆರಳು ಮೇಲಕ್ಕೆ ಮಡಿಯಬೇಕು. ನಾನು ನೋಡುವುದು ಈ ಮೂರನ್ನು.

ಹರಡಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಗೋಡೆಗೆ ಎದುರಾಗಿ ಒಂದು ಕಾಲನ್ನು ಮುಂದಿಟ್ಟು ನಿಲ್ಲಿ. ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಹೆಬ್ಬೆರಳಿನ ತುದಿ ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರವಿದ್ದಾಗಲೂ ತಾಗಿದರೆ ಓಟಕ್ಕೆ ಸಾಕು. ಎಡಬಲಗಳ ನಡುವೆ ದೊಡ್ಡ ಅಂತರ ಕಂಡರೆ ಇಲ್ಲಿ ಬರೆಯಿರಿ.

ಓಟದ ಮೊದಲು ಐದಾರು ನಿಮಿಷ ಚುರುಕಾಗಿ ನಡೆಯಿರಿ, ಕಾಲುಗಳನ್ನು ಹಿಂದೆ ಮುಂದೆ ಬೀಸಿ, ಮೊಣಕಾಲೆತ್ತಿ ಹೆಜ್ಜೆ ಹಾಕಿ, ಎಲ್ಲಿಯೂ ತಡೆದು ನಿಲ್ಲಬೇಡಿ. ಹಿಡಿದು ನಿಲ್ಲುವ ಆಸನಗಳನ್ನು ಓಟದ ನಂತರ ಅಥವಾ ಸಂಜೆ ಮಾಡಿ. ನಿಮಗೆ ಮೊದಲು ಬೇಕಾದದ್ದು ಆಂಜನೇಯಾಸನ: ಒಂದು ಕಾಲನ್ನು ಮುಂದಿಟ್ಟು ಮಡಿಸಿ, ಹಿಂದಿನ ಮಂಡಿ ನೆಲದ ಮೇಲಿರಲಿ, ಅದರ ಕೆಳಗೊಂದು ಮಡಿಸಿದ ಟವೆಲ್ ಇರಲಿ. ಮುಂದಕ್ಕೆ ಜಾರುವ ಮೊದಲು ಪೃಷ್ಠವನ್ನು ಬಿಗಿಹಿಡಿದು ಸೊಂಟವನ್ನು ಒಳಕ್ಕೆ ತಿರುಗಿಸಿ. ಅಷ್ಟಕ್ಕೇ ತೊಡೆಸಂದಿನಲ್ಲಿ ಎಳೆತ ಸಿಗುತ್ತದೆ. ಎದೆ ಎತ್ತಿ ಬಿಲ್ಲಿನಂತೆ ಬಾಗುವುದು ಫೋಟೊಗೆ ಚೆಂದ, ಎಳೆತವೆಲ್ಲ ನಡುವಿಗೆ ಹೋಗಿಬಿಡುತ್ತದೆ.

ಪ್ರತಿಕ್ರಿಯೆ (ಅಂಕೋಲಾ, ನಿವೃತ್ತ ಶಿಕ್ಷಕ): ಮೂವತ್ತು ವರ್ಷಗಳಿಂದ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೂರ್ಯನಮಸ್ಕಾರ ಮಾಡಿಯೇ ನಡಿಗೆಗೆ ಹೊರಡುತ್ತೇನೆ. ಈಗ ಯೋಗವೇ ತೊಂದರೆ ಎನ್ನುತ್ತಿದ್ದೀರಲ್ಲ?

ಉತ್ತರ: ಹಾಗೆಂದಿಲ್ಲ, ಮಾಸ್ತರರೇ. ಉಸಿರಿನೊಂದಿಗೆ ಒಂದರಿಂದ ಇನ್ನೊಂದಕ್ಕೆ ಹರಿಯುವ ಸೂರ್ಯನಮಸ್ಕಾರದಲ್ಲಿ ಯಾವ ಭಂಗಿಯೂ ಕೆಲವೇ ಸೆಕೆಂಡುಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಮೈ ಬೆಚ್ಚಗಾಗಿಸಲು ಅದು ಒಳ್ಳೆಯ ದಾರಿ. ನನ್ನ ತಕರಾರು ತಣ್ಣನೆಯ ಮೈಯನ್ನು ಎಳೆದು ನಿಮಿಷಗಟ್ಟಲೆ ಹಿಡಿಯುವುದರ ಬಗ್ಗೆ ಮಾತ್ರ. ನಿಮ್ಮ ಅಭ್ಯಾಸವನ್ನು ಬಿಡಬೇಡಿ. ಓಡುವ ಹುಡುಗರಿಗೆ ಆರು ಸುತ್ತು ನೀವೇ ಕಲಿಸಿಕೊಟ್ಟರೆ ಇನ್ನೂ ಸಂತೋಷ.

ಪ್ರಶ್ನೆ (ಶಿರಸಿ, ಪಿಯುಸಿ ವಿದ್ಯಾರ್ಥಿನಿ, 17 ವರ್ಷ): ನಾನು 400 ಮೀಟರ್ ಓಟಗಾರ್ತಿ. ಅಭ್ಯಾಸದಲ್ಲಿ ಕಾಲು ಚಾಚಿ ಕೂರಿಸಿ ಗೆಳತಿಯರಿಂದ ಬೆನ್ನು ಒತ್ತಿಸುತ್ತಾರೆ. ಎರಡು ತಿಂಗಳಿಂದ ತರಗತಿಯ ಬೆಂಚಿನ ಮೇಲೆ ಕೂತರೆ ಪೃಷ್ಠದ ಕೆಳಗೆ, ಎಲುಬಿನ ಹತ್ತಿರವೇ ನೋವು. ಎಳೆದಾಗ ಹಿತವೆನಿಸುತ್ತದೆ, ಮರುದಿನ ಹೆಚ್ಚಾಗುತ್ತದೆ. ಬಿಗಿತ ಹೋಗಲು ಇನ್ನೂ ಹೆಚ್ಚು ಎಳೆಯಬೇಕೇ?

ಉತ್ತರ: ಬೇಡ. ಇಂದೇ ಎಳೆಯುವುದನ್ನು ನಿಲ್ಲಿಸು.

ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕೂರುವ ಎಲುಬಿಗೆ ಅಂಟಿಕೊಂಡಿರುತ್ತವೆ. ಆಳವಾಗಿ ಮುಂದಕ್ಕೆ ಬಾಗಿದಾಗ ಆ ಸ್ನಾಯುರಜ್ಜು ಎಲುಬಿನ ಮೇಲೆ ಸುತ್ತಿ ಒತ್ತಿಕೊಳ್ಳುತ್ತದೆ. ಬಾವಿಯ ಕಟ್ಟೆಗೆ ಉಜ್ಜುವ ಹಗ್ಗವನ್ನು ನೆನೆಸಿಕೋ. ಅತಿವೇಗದ ಓಟ, ಅದರ ಮೇಲೆ ಈ ಒತ್ತು, ಮತ್ತೆ ಗಟ್ಟಿ ಬೆಂಚು: ಮೂರೂ ಒಂದೇ ಜಾಗವನ್ನು ಕೆಣಕುತ್ತವೆ. ಎಳೆದಾಗ ಆಗುವ ಹಿತ ಸ್ವಲ್ಪ ಹೊತ್ತಿನದು. ಇದು ಓಟಗಾರರಲ್ಲೂ, ಮುಂಬಾಗುವ ಆಸನಗಳನ್ನು ಅತಿಯಾಗಿ ಮಾಡುವ ಯೋಗಾಭ್ಯಾಸಿಗಳಲ್ಲೂ ಕಾಣುವ ತೊಂದರೆ. ನನಗೂ ಆಗಿತ್ತು. ಯೋಗ ತರಬೇತಿಯ ದಿನಗಳಲ್ಲಿ ಹಣೆ ಮಂಡಿಗೆ ಮುಟ್ಟಲೇಬೇಕೆಂಬ ಹಟ. ಮುಟ್ಟಿತು. ಆಮೇಲೆ ಎಂಟು ತಿಂಗಳು ಬಸ್ಸಿನ ಸೀಟಿನಲ್ಲಿ ಒಂದು ಬದಿಗೆ ವಾಲಿ ಕೂತು ಪ್ರಯಾಣ ಮಾಡಿದೆ.

ನಿನ್ನ ವಯಸ್ಸಿನಲ್ಲಿ ಇನ್ನೊಂದು ಎಚ್ಚರ ಬೇಕು. ಆ ಎಲುಬಿನ ಬೆಳವಣಿಗೆಯ ಭಾಗ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತು ದಾಟುವ ಹೊತ್ತಿಗೆ. ಓಡುವಾಗಲೋ ಎಳೆಯುವಾಗಲೋ ಒಮ್ಮೆಲೇ ‘ಟಪ್’ ಎಂದು ನೋವು ಬಂದಿದ್ದರೆ, ಸ್ನಾಯುವಿನ ಬದಲು ಎಲುಬಿನ ಚೂರೇ ಕಿತ್ತುಬಂದಿರಬಹುದು. ಹಾಗೇನಾದರೂ ಆಗಿದ್ದರೆ ಬೇರೇನನ್ನೂ ಮಾಡದೆ ಮೂಳೆ ವೈದ್ಯರಿಗೆ ತೋರಿಸಿ ಎಕ್ಸ್-ರೇ ತೆಗೆಸು. ನೀನು ಬರೆದಂತೆ ನಿಧಾನವಾಗಿ ಶುರುವಾದ ನೋವಾದರೂ ಎರಡು ತಿಂಗಳಾಗಿರುವುದರಿಂದ ಒಮ್ಮೆ ಪರೀಕ್ಷೆ ಮಾಡಿಸುವುದೇ ಲೇಸು.

ಎಲುಬಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಸೇತುಬಂಧಾಸನದಿಂದ ಶುರುಮಾಡು. ಬೆನ್ನ ಮೇಲೆ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತಿ 30ರಿಂದ 45 ಸೆಕೆಂಡು ನಿಲ್ಲು, ನಾಲ್ಕೈದು ಬಾರಿ, ನಡುನಡುವೆ ವಿಶ್ರಾಂತಿ. ನೋವು ಏರದಿದ್ದರೆ ಕೆಲವು ವಾರಗಳ ನಂತರ ಪಾದಗಳನ್ನು ಸ್ವಲ್ಪ ದೂರ ಇಟ್ಟು, ಆಮೇಲೆ ಒಂದೇ ಕಾಲಿನಲ್ಲಿ. ಈ ಸ್ನಾಯುರಜ್ಜು ಗುಣವಾಗುವುದು ಹೊರೆ ಹೊತ್ತು, ಅದೂ ನಿಧಾನವಾಗಿ. ತಿಂಗಳುಗಳ ಲೆಕ್ಕ ಹಾಕಿಕೋ.

ಬೆನ್ನು ಒತ್ತಿಸುವ ಪದ್ಧತಿಯ ಬಗ್ಗೆ ಒಂದು ಮಾತು. ಎಳೆತ ಎಲ್ಲಿಗೆ ಸಾಕು ಎಂಬುದು ಎಳೆಸಿಕೊಳ್ಳುವವರಿಗೆ ಮಾತ್ರ ಗೊತ್ತು, ಬೆನ್ನ ಮೇಲೆ ಕೂತ ಗೆಳತಿಗೆ ಗೊತ್ತಾಗುವುದಿಲ್ಲ. ನಿಮ್ಮ ತರಬೇತುದಾರರಿಗೆ ನನ್ನ ಉತ್ತರವನ್ನು ತೋರಿಸು. ಸಿಟ್ಟಾದರೆ ನನ್ನ ಮೇಲೆ ಆಗಲಿ.

ಪ್ರತಿಕ್ರಿಯೆ (ಸಿದ್ದಾಪುರ, ಅಡಿಕೆ ಬೆಳೆಗಾರ): ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡರು ಯಾವ ಆಸನವನ್ನೂ ಮಾಡದೆ ಮರದಿಂದ ಮರಕ್ಕೆ ದಾಟುತ್ತಾರೆ. ಅವರ ಮೈ ಬಗ್ಗುವುದು ಹೇಗೆ?

ಉತ್ತರ: ಪ್ರಶ್ನೆ ತಮಾಷೆಗೆ ಕೇಳಿದ್ದೀರೋ ಏನೋ, ನನಗೆ ಬೇಕಾಗಿದ್ದ ಉದಾಹರಣೆ ಅದೇ. ಅವರ ಕಾಲು ಎಷ್ಟು ದೂರ ಚಾಚುತ್ತದೆಯೋ ಅಷ್ಟು ದೂರದಲ್ಲಿ ಮೈಭಾರವನ್ನು ತಡೆದು ಹಿಡಿಯುವ ಬಲವೂ ಇರುತ್ತದೆ. ಬಲವಿಲ್ಲದ ಬಾಗು ಓಟಗಾರನಿಗೆ ಅಪಾಯ. ಅದಕ್ಕಾಗಿಯೇ ನಾನು ವೀರಭದ್ರಾಸನವನ್ನು, ಅದರಲ್ಲೂ ಒಂಟಿಕಾಲಿನ ಮೂರನೆಯ ಬಗೆಯನ್ನು, ಪಶ್ಚಿಮೋತ್ತಾನಾಸನಕ್ಕಿಂತ ಮೇಲೆ ಇಡುತ್ತೇನೆ. ಹಾಗೆಯೇ ನಮ್ಮ ಮೀನು ಮಾರುವ ಹೆಂಗಸರನ್ನು ನೋಡಿ. ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಮೀನು ಹೆಚ್ಚಿ, ಬುಟ್ಟಿ ಎತ್ತಿಕೊಂಡು ಏಳುತ್ತಾರೆ. ನಾವು ಅದಕ್ಕೆ ಮಾಲಾಸನ ಎಂದು ಹೆಸರಿಟ್ಟು ಶುಲ್ಕ ಕಟ್ಟಿ ಕಲಿಯುತ್ತೇವೆ.

ಪ್ರಶ್ನೆ (ಹೊನ್ನಾವರ, ಹವ್ಯಾಸಿ ಯಕ್ಷಗಾನ ಕಲಾವಿದ, 29 ವರ್ಷ): ಮಂಡಿ ಹಾಕಿ ಕುಣಿಯಲು ದಮ್ಮು ಬೇಕೆಂದು ಓಟ ಶುರುಮಾಡಿದೆ. ಸೊಂಟ ಸಡಿಲವಾಗಲಿ ಎಂದು ಪದ್ಮಾಸನ ಅಭ್ಯಾಸ ಮಾಡುತ್ತಿದ್ದೇನೆ. ಎರಡನೆಯ ಕಾಲು ಏರಿಸುವಾಗ ಮೊಣಕಾಲಿನ ಒಳಬದಿಯಲ್ಲಿ ಚುಚ್ಚುತ್ತದೆ. ಅಭ್ಯಾಸವಾದಂತೆ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ, ಮೊಣಕಾಲು ಹೋಗಬಹುದು. ಪದ್ಮಾಸನದಲ್ಲಿ ತಿರುಗಬೇಕಾದದ್ದು ಸೊಂಟದ ಕೀಲು. ಅದು ಗೋಲಿಯಂತೆ ಗುಳಿಯಲ್ಲಿ ಕೂತ ಕೀಲು, ಎಲ್ಲ ಕಡೆಗೂ ತಿರುಗುತ್ತದೆ. ಮೊಣಕಾಲು ಹೆಚ್ಚುಕಡಿಮೆ ಬಾಗಿಲ ತಿರುಗಣಿಯ ಹಾಗೆ, ಮಡಿಯುವುದೇ ಅದರ ಮುಖ್ಯ ಕೆಲಸ. ಸೊಂಟ ತಿರುಗದೆ ಪಾದವನ್ನು ಕೈಯಿಂದ ಎಳೆದು ಏರಿಸಿದರೆ ತಿರುಚು ಮೊಣಕಾಲಿಗೆ ಬೀಳುತ್ತದೆ, ಒಳಗಿನ ಮೃದ್ವಸ್ಥಿಯ ಮೆತ್ತೆ ಸಿಕ್ಕಿಕೊಳ್ಳುತ್ತದೆ. ಕೆಲವರ ಸೊಂಟದ ಎಲುಬಿನ ಆಕಾರವೇ ಪದ್ಮಾಸನಕ್ಕೆ ಒಪ್ಪುವುದಿಲ್ಲ. ಅಂಥವರು ಎಷ್ಟು ವರ್ಷ ಅಭ್ಯಾಸ ಮಾಡಿದರೂ ಅಷ್ಟೇ.

ಬೆನ್ನ ಮೇಲೆ ಮಲಗಿ, ಒಂದು ಮೊಣಕಾಲಿನ ಮೇಲೆ ಇನ್ನೊಂದು ಕಾಲಿನ ಹರಡನ್ನು ಅಡ್ಡವಾಗಿ ಇಟ್ಟು ಎರಡನ್ನೂ ಎದೆಯ ಕಡೆಗೆ ತಂದುಕೊಳ್ಳಿ. ಸೊಂಟಕ್ಕೆ ಬೇಕಾದ ಎಳೆತ ಸಿಗುತ್ತದೆ, ಮೊಣಕಾಲು ಸುರಕ್ಷಿತ. ಅಲ್ಲಿಯೂ ಚುಚ್ಚಿದರೆ, ಅಥವಾ ಮೊಣಕಾಲು ಊದಿದರೆ, ಮಡಿಸಿದಾಗ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ಪ್ರಸಂಗದ ದಿನ ಹತ್ತಿರವಿದೆ ಎಂಬ ನೆಪ ಹೇಳದೆ ಬಂದು ತೋರಿಸಿ. ಮಂಡಿ ಕುಣಿತದ ಅಭ್ಯಾಸ ಮತ್ತು ಉದ್ದದ ಓಟ ಒಂದೇ ದಿನ ಬೇಡ.

ಪ್ರಶ್ನೆ (ಕುಮಟಾ, ಗೃಹಿಣಿ, 36 ವರ್ಷ): ಮಳೆಗಾಲದಲ್ಲಿ ಓಟ ನಿಂತೇಹೋಗುತ್ತದೆ. ಆಗ ಯೋಗ ಮಾತ್ರ ಮಾಡಿದರೆ ಸಾಕೇ?

ಉತ್ತರ: ಮೈ ಬಗ್ಗುವುದು ಉಳಿಯುತ್ತದೆ, ದಮ್ಮು ಉಳಿಯುವುದಿಲ್ಲ. ಸೂರ್ಯನಮಸ್ಕಾರವನ್ನು ಏದುಸಿರು ಬರುವಷ್ಟು ಚುರುಕಾಗಿ ಮಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ಜಗುಲಿಯ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದನ್ನು 15ರಂತೆ ಮೂರು ಸುತ್ತು ಮಾಡಿ. ಸೆಪ್ಟೆಂಬರ್ ಕಳೆದು ಕಡಲತೀರಕ್ಕೆ ಮರಳುವಾಗ ಜೂನ್‌ನಲ್ಲಿ ಬಿಟ್ಟ ದೂರದಿಂದಲೇ ಶುರುಮಾಡಬೇಡಿ, ಅರ್ಧಕ್ಕಿಳಿಸಿ. ಕಡಲ ಭರತ ಇಳಿದ ಮೇಲೆ ನೀರಿನ ಅಂಚಿನ ಗಟ್ಟಿ ಮರಳಿನಲ್ಲಿ ಓಡಿ. ಅಲ್ಲಿ ದಂಡೆ ಕಡಲ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲಿಗೆ ಸದಾ ತಗ್ಗು. ಹೋದ ದಾರಿಯಲ್ಲೇ ಮರಳಿ ಬನ್ನಿ.

ಮರುಪ್ರಶ್ನೆ (ಅದೇ ಗೃಹಿಣಿ): ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದರೆ ಹಿಮ್ಮಡಿಯ ಹಿಂಬದಿಯ ಎಲುಬಿನಲ್ಲಿ ನೋವಾಗುತ್ತದೆ.

ಉತ್ತರ: ಮೀನಖಂಡದಲ್ಲಿ ಎಳೆತವಾದರೆ ಸರಿ, ಎಲುಬಿನಲ್ಲೇ ನೋವಾದರೆ ಸರಿಯಲ್ಲ. ಅಲ್ಲಿಯೂ ಸ್ನಾಯುರಜ್ಜು ಎಲುಬಿಗೆ ಒತ್ತಿಕೊಳ್ಳುತ್ತಿದೆ. ಹಿಮ್ಮಡಿಯ ಕೆಳಗೆ ಮಡಿಸಿದ ಕಂಬಳಿ ಇಡಿ. ಜಗುಲಿಯ ಅಂಚಿನ ವ್ಯಾಯಾಮವನ್ನೂ ಸದ್ಯಕ್ಕೆ ಸಮತಟ್ಟು ನೆಲದ ಮೇಲೆಯೇ ಮಾಡಿ, ಹಿಮ್ಮಡಿಯನ್ನು ಅಂಚಿಗಿಂತ ಕೆಳಕ್ಕೆ ಇಳಿಸಬೇಡಿ.

ಪ್ರತಿಕ್ರಿಯೆ (ಕಾರವಾರದ ಬ್ಯಾಂಕ್ ಉದ್ಯೋಗಿ): ಗೋಡೆಯ ಪರೀಕ್ಷೆ ಮಾಡಿದೆ. ಎಡಕ್ಕೆ 11 ಸೆಂಟಿಮೀಟರ್, ಬಲಕ್ಕೆ 6. ಹೆಂಡತಿ ಅಳತೆಪಟ್ಟಿ ಹಿಡಿದಿದ್ದಳು, ತಪ್ಪಿಲ್ಲ. ನಾಲ್ಕು ವರ್ಷದ ಹಿಂದೆ ಬಲಗಾಲು ಉಳುಕಿತ್ತು. ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ್ದೆ, ಅಷ್ಟೇ.

ಉತ್ತರ: ಸಿಕ್ಕಿತು ನೋಡಿ. ಇಷ್ಟು ದಿನ ತೊಡೆಯನ್ನು ಎಳೆಯುತ್ತಿದ್ದಿರಿ, ಬಿಗಿತ ಹರಡಿನಲ್ಲಿತ್ತು. ಅದೇ ಗೋಡೆಯ ಪರೀಕ್ಷೆಯನ್ನೇ ವ್ಯಾಯಾಮವಾಗಿ ಮಾಡಿ: ಬಲಗಾಲಿನಲ್ಲಿ ದಿನಕ್ಕೆ ಎರಡು ಹೊತ್ತು, ಹದಿನೈದು ಬಾರಿ, ಮೊಣಕಾಲು ಎರಡನೆಯ ಬೆರಳಿನ ನೇರಕ್ಕೇ ಸಾಗಲಿ. ಹಲ್ಲುಜ್ಜುವಾಗ ಬಲಗಾಲೊಂದರ ಮೇಲೆ ನಿಲ್ಲಿ. ಹರಡಿನ ಮುಂಭಾಗದಲ್ಲಿ ಎಲುಬಿಗೆ ಎಲುಬು ತಾಗಿದಂತೆ ಚುಚ್ಚಿದರೆ ನಿಲ್ಲಿಸಿ ನನಗೆ ತೋರಿಸಿ. ಆರು ವಾರ ಬಿಟ್ಟು ಮತ್ತೆ ಅಳೆದು ಇಲ್ಲಿ ಹಾಕಿ. ಅಳತೆಪಟ್ಟಿ ಈ ಬಾರಿಯೂ ಹೆಂಡತಿಯ ಕೈಯಲ್ಲೇ ಇರಲಿ.