ಬಾಗಿಲು ತೆರೆಯದ ನೆರೆಯವರನ್ನು ಮಾತಾಡಿಸೋದು ಹೇಗೆ?

ಮೂರನೇ ಮಹಡಿ:
ನಮ್ಮ ಕಟ್ಟಡದಲ್ಲಿ ಒಬ್ಬೊಬ್ಬರೇ ಇರುವವರು ಐದಾರು ಜನ. ಅವರಿಗಾಗಿ ಅಂತಲೇ ನಾವು ನಾಲ್ವರು ಸೇರಿ ಭಾನುವಾರ ಸಂಜೆ ಕೆಳಗೆ ಕುರ್ಚಿ ಹಾಕಿ ಕೂರಲು ಶುರು ಮಾಡಿದೆವು. ಲಿಫ್ಟ್ ಹತ್ತಿರ ಚೀಟಿಯನ್ನೂ ಅಂಟಿಸಿದೆವು. ಆರು ವಾರ ಆಯಿತು. ಬರುವವರೆಲ್ಲ ಮೊದಲೇ ಪರಿಚಯ ಇದ್ದವರು. ಯಾರಿಗಾಗಿ ಮಾಡಿದೆವೋ ಅವರಲ್ಲಿ ಒಬ್ಬರೂ ಇಳಿದು ಬರಲಿಲ್ಲ.

ಎದುರು ಮನೆಯ ಅಜ್ಜಿಯ ಬಾಗಿಲು ತಟ್ಟಿ, ಏನಾದರೂ ಸಹಾಯ ಬೇಕಾ ಅಂತ ಕೇಳಿದೆ. ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ "ನಂಗೇನೂ ಬೇಡಮ್ಮ, ಚೆನ್ನಾಗಿದ್ದೀನಿ" ಅಂದರು. ರಾತ್ರಿ ಎರಡು ಗಂಟೆಗೂ ಅವರ ಮನೆ ಲೈಟು ಉರಿಯುತ್ತಿರುತ್ತದೆ. ಮತ್ತೆ ಹೋಗಿ ಒತ್ತಾಯ ಮಾಡಲಾ, ಸುಮ್ನೆ ಬಿಟ್ಟುಬಿಡಲಾ?

ಮಂಗಳವಾರ ಐದು ಗಂಟೆ:
ಒತ್ತಾಯ ಬೇಡ, ಬಿಡಲೂ ಬೇಡಿ. ಒಂಟಿಯಾಗಿರುವ ಹಿರಿಯರಿಗೆ ಫೋನ್ ಮಾಡುವ ಗುಂಪಿನಲ್ಲಿ ನಾನು ಎಂಟು ವರ್ಷದಿಂದ ಇದ್ದೇನೆ. "ಸಹಾಯ ಬೇಕಾ" ಅಂದರೆ ಹೆಚ್ಚಿನವರು ಬೇಡ ಅಂತಲೇ ಹೇಳುತ್ತಾರೆ. ಬೇಕು ಅಂದರೆ ಕೈ ಚಾಚಿದ ಹಾಗಾಗುತ್ತದೆ, ಅಲ್ವಾ? ಅದಕ್ಕೆ ನೀವೇ ಅವರ ಹತ್ತಿರ ಏನಾದರೂ ಕೇಳಿ.

ಒಬ್ಬ ನಿವೃತ್ತ ಮೇಷ್ಟ್ರಿಗೆ ಮೂರು ತಿಂಗಳು ಫೋನ್ ಮಾಡಿದೆ. "ಹೂಂ", "ಸರಿ", ಅಷ್ಟೇ. ಒಂದು ದಿನ ಮಗನ ಲೆಕ್ಕದ ಪುಸ್ತಕ ಮುಂದೆಯೇ ಇತ್ತು. ಭಿನ್ನರಾಶಿಯ ಭಾಗಾಕಾರ ಹೇಗೆ ಹೇಳಿಕೊಡೋದು ಸಾರ್, ಅಂದೆ. ನಲವತ್ತು ನಿಮಿಷ ಮಾತಾಡಿದರು! ಮುಂದಿನ ವಾರ ನಾನು ಮಾಡುವ ಮೊದಲೇ ಅವರ ಕರೆ ಬಂತು: "ಹುಡುಗನಿಗೆ ಅರ್ಥ ಆಯ್ತಾ?"

ದಿನ, ಹೊತ್ತು ಗೊತ್ತು ಮಾಡಿಕೊಂಡರೆ ತಪ್ಪಿಸಬೇಡಿ. ನಾವು ಮರೆತ ದಿನ ಅವರು ಫೋನ್ ಪಕ್ಕದಲ್ಲೇ ಕೂತಿರುತ್ತಾರೆ.

ಇದಕ್ಕೆ ದೊಡ್ಡ ತರಬೇತಿಯೂ ಬೇಕಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಉಳಿದ 240 ಜನರ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ನಾಲ್ಕು ವಾರ ಫೋನ್ ಕರೆ. ಮಾಡಿದವರು 17ರಿಂದ 23 ವಯಸ್ಸಿನವರು. ಎದುರಿನವರು ಎತ್ತಿದ ಮಾತನ್ನೇ ಹಿಡಿದು ಹೋಗುವುದು ಅವರ ಕೆಲಸ. ಮೊದಲ ವಾರ ಕಳೆದ ಮೇಲೆ ವಾರಕ್ಕೆ ಎಷ್ಟು ಸಲ ಅನ್ನುವುದನ್ನು ಆ ಕಡೆಯವರೇ ಆರಿಸಿಕೊಳ್ಳಬಹುದಿತ್ತು. ಕರೆ ಬಂದವರಲ್ಲಿ ಒಂಟಿತನವೂ ಕಡಿಮೆಯಾಯಿತು, ಖಿನ್ನತೆಯೂ.

ಅಪ್ಪನ ಮಗಳು:
ಕಿವಿಯ ವಿಷಯ ಮರೀಬೇಡಿ. ನಮ್ಮಪ್ಪ ಇಂಥ ಸಂಜೆಗಳಿಗೆ ಹೋಗುತ್ತಿದ್ದರು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಉಳಿದವರು ನಕ್ಕಾಗ ತಾವೂ ನಗುತ್ತಿದ್ದರು. ಆಮೇಲೆ ಹೋಗುವುದನ್ನೇ ಬಿಟ್ಟರು. ನಾವು ಮುನಿಸು ಅಂದುಕೊಂಡಿದ್ದೆವು. ಒಬ್ಬರೇ ಹೋಗಿ, ಗದ್ದಲ ಇಲ್ಲದ ಕಡೆ, ಮುಖ ಕಾಣುವ ಹಾಗೆ ಎದುರಿಗೆ ಕೂತು ಮಾತಾಡಿ.

ಮೂರನೇ ಮಹಡಿ:
ನಿನ್ನೆ ಅಜ್ಜಿಯನ್ನು ಕೇಳಿದೆ. ಮುಂದಿನ ವಾರ ನಾನು ನಾಲ್ಕು ದಿನ ಇರುವುದಿಲ್ಲ, ಗಿಡಗಳಿಗೆ ನೀರು ಹಾಕ್ತೀರಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸರಪಳಿ ತೆಗೆದು ನನ್ನ ಹಿಂದೆಯೇ ಬಾಲ್ಕನಿಗೆ ಬಂದರು. ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿ, "ನೀರು ಜಾಸ್ತಿ ಹಾಕಿ ಕೊಳೆಸ್ತಿದ್ದೀಯಲ್ಲಮ್ಮ" ಅಂದರು. ಮಣ್ಣು ಬದಲಾಯಿಸೋಕೆ ಗುರುವಾರ ಬೆಳಗ್ಗೆ ಅವರೇ ಬರ್ತಾರಂತೆ.